ಕಂಡಕ್ಟರ್ ಗಂಗಹನುಮಯ್ಯನವರ ಜಡೆ

ಗಂಗಹನುಮಯ್ಯನವರನ್ನು ನಾನು ಮೊದಲು ನೋಡಿದ್ದು ಕೊರಟಗೆರೆಯಿಂದ ಪುರವರಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ. ಅವರು ಆ ಬಸ್ಸಿನ ಕಂಡಕ್ಟರು. ನಾನು ಸಂತೆ ಮುಗಿಸಿಕೊಂಡು ಊರಿಗೆ ಹೊರಟಿದ್ದೆ. ಸಂತೆಯ ದಿನದ ಬಸ್ಸು ಅಂದರೆ ಗೊತ್ತಲ್ಲ, ಕಾಲ ಕೆಳಗೆ ಕೋಳಿ, ಬೆನ್ನಿಗೆ ಹುಣಸೆಹಣ್ಣಿನ ಮೂಟೆ, ಉಳಿದ ಜಾಗದಲ್ಲಿ ಮನುಷ್ಯರು. ಸೀಟು ಸಿಗಲಿಲ್ಲ. ಬಾಗಿಲ ಹತ್ತಿರದ ಕಬ್ಬಿಣದ ಕಂಬವನ್ನು ಎರಡು ಕೈಯಲ್ಲೂ ಹಿಡಿದು ನಿಂತುಕೊಂಡೆ. ಡ್ರೈವರು ಬ್ರೇಕು ಒತ್ತಿದಾಗಲೆಲ್ಲ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಬೈಯುತ್ತಿದ್ದರು, ಏಳುತ್ತಿದ್ದರು.

ಗಂಗಹನುಮಯ್ಯನವರು ಟಿಕೆಟ್ ಕೊಡುತ್ತಾ ನನ್ನ ಹತ್ತಿರ ಬಂದವರು ನಿಂತೇ ಬಿಟ್ಟರು. ನನ್ನ ಪಾದ ನೋಡಿದರು, ಕೈ ನೋಡಿದರು.

"ಅಕ್ಕಯ್ಯ, ಎಲ್ರೂ ಉರುಳ್ಕೊಂಡ್ ಬೀಳ್ತಾವ್ರೆ, ನೀನೊಬ್ಳು ಅಲ್ಲಾಡ್ದೆ ನಿಂತಿದ್ದೀಯಲ್ಲ! ಕಂಬನ ನೀನ್ ಹಿಡ್ದಿದ್ದೀಯೋ, ಕಂಬ ನಿನ್ನ ಹಿಡ್ದೈತೋ?"

"ಮೊದ್ಲು ಟಿಕೀಟ್ ಕೊಡಣ್ಣಯ್ಯ. ತಮಾಷೆ ಆಮೇಲ್ ಮಾಡೀವಂತೆ," ಅಂದೆ.

"ಟಿಕೀಟ್ ಎಲ್ಲೋಯ್ತದೆ, ಕೊಡ್ತೀನಿ. ಭಾನ್ವಾರ ನಿಂಗೇನ್ ಕೆಲ್ಸ?"

ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. "ಅಯ್ ಕಂಡಕ್ಟ್ರೇ, ಈ ವಯಸ್ನಾಗ್ ಹೆಣ್ ನೋಡಕ್ ಬಂದ್ರಾ? ಮನೇಗ್ ಹೇಳ್ತೀನ್ ತಾಳಿ!"

ಇಡೀ ಬಸ್ಸು ನಕ್ಕಿತು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗಂಗಹನುಮಯ್ಯನವರಿಗೆ ಮಾತ್ರ ನಾಚಿಕೆಯೇ ಇಲ್ಲ. "ಲೇ ವನಜಾಕ್ಷಿ, ನಾಕು ತಿಂಗ್ಳಿಂದ ಹುಡುಕ್ತಾ ಇದ್ನಲ್ಲ, ಇಲ್ಲೇ ಸಿಕ್ಬುಟ್ಳು ನೋಡು, ನಮ್ ಕಂಬ ಹಿಡಿಯೋ ಅಕ್ಕಯ್ಯ!" ಅಂತ ಕೂಗಿ, ಯಾವ ಸ್ಟಾಪೂ ಇಲ್ಲದ ಕಡೆ ಸುಮ್ಮನೆ ಒಂದು ವಿಷಲ್ ಹೊಡೆದರು. ಡ್ರೈವರು ಗಾಬರಿಯಾಗಿ ಬಸ್ಸು ನಿಲ್ಲಿಸಿದ. ಆಗಲೂ ನಾನು ಅಲ್ಲಾಡಲಿಲ್ಲವಂತೆ. ಅದನ್ನು ಆಮೇಲೆ ಅವರು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದರು.

ನಮ್ಮಿಬ್ಬರಲ್ಲಿ ಯಾರು ದೊಡ್ಡವರೋ ಇಬ್ಬರಿಗೂ ಗೊತ್ತಿಲ್ಲ. ಅವರು ನನ್ನನ್ನು ಅಕ್ಕಯ್ಯ ಅಂದರು, ನಾನು ಅವರನ್ನು ಅಣ್ಣಯ್ಯ ಅಂದೆ. ಕೊನೆಯವರೆಗೂ ಹಾಗೇ ನಡೆಯಿತು.

ಅವರು ಹುಟ್ಟಿದ್ದು ಪುರವರ ಹೋಬಳಿಯಲ್ಲೇ. ಅಪ್ಪನಿಗೆ ಕಡಲೆಕಾಯಿ ಬೆಳೆಯುವ ಹೊಲ ಇತ್ತು, ಆದರೆ ಇವರಿಗೆ ಚಿಕ್ಕಂದಿನಿಂದ ಬಸ್ಸಿನ ಹುಚ್ಚು. ಊರ ಮುಂದೆ ಬಸ್ಸು ಬಂದರೆ ದನ ಬಿಟ್ಟು ಓಡುತ್ತಿದ್ದರಂತೆ. ಮೀಸೆ ಮೂಡುವ ಹೊತ್ತಿಗೆ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದರು, ಆಮೇಲೆ ಕ್ಲೀನರಾದರು, ಆಮೇಲೆ ಕಂಡಕ್ಟರು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ಗೊತ್ತಿಲ್ಲದ ಬಸ್ಸಿಲ್ಲ, ಅವರು ಗೊತ್ತಿಲ್ಲದ ಡ್ರೈವರಿಲ್ಲ.

ಜಡೆ ಕೋಲಾಟ ಅವರಿಗೆ ಹತ್ತಿದ್ದೂ ಬಸ್ಸಿನಿಂದಲೇ. ಒಂದಷ್ಟು ವರ್ಷ ಸಿರಾದ ಕಡೆ ಓಡುವ ಬಸ್ಸಿನಲ್ಲಿದ್ದರು. ಆ ಬಸ್ಸು ಸಾಯಂಕಾಲ ಬರಗೂರಿಗೆ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಹೊರಡುತ್ತಿತ್ತು. ಸಾಯಂಕಾಲ ಮಾಡಲು ಕೆಲಸವಿಲ್ಲ. ಬರಗೂರಿನಲ್ಲಿ ಅಡವಯ್ಯ ಅನ್ನುವ ಹಿರಿಯರು ಜಡೆ ಕೋಲಾಟ ಕಲಿಸುತ್ತಿದ್ದರು. ಇವರು ನೋಡುತ್ತಾ ಕೂತರು, ಆಮೇಲೆ ಎದ್ದು ನಿಂತರು, ಆಮೇಲೆ ಬಿಡಲೇ ಇಲ್ಲ.

ನೋಡದೇ ಇರುವವರಿಗೆ ಹೇಳುತ್ತೇನೆ. ನಡುವೆ ಎರಡಾಳು ಎತ್ತರದ ಒಂದು ಕಂಬ. ಅದರ ತುದಿಗೆ ಬಣ್ಣಬಣ್ಣದ ದಾರಗಳು. ಒಬ್ಬೊಬ್ಬರ ಎಡಗೈಯಲ್ಲಿ ಒಂದೊಂದು ದಾರ, ಬಲಗೈಯಲ್ಲಿ ಕೋಲು. ಅರ್ಧ ಜನ ಈ ಕಡೆಯಿಂದ ಸುತ್ತುತ್ತಾರೆ, ಅರ್ಧ ಜನ ಆ ಕಡೆಯಿಂದ. ಎದುರು ಬಂದವರ ಕೋಲಿಗೆ ಕೋಲು ಹೊಡೆದು, ಒಬ್ಬರ ಒಳಗೆ ನುಸುಳಿ, ಮುಂದಿನವರ ಹೊರಗೆ ಹಾಯಬೇಕು. ಹೀಗೆ ಕುಣಿಯುತ್ತಾ ಹೋದರೆ ಕಂಬದ ಮೈಮೇಲೆ ಮೇಲಿನಿಂದ ಕೆಳಕ್ಕೆ ಜಡೆ ಇಳಿಯುತ್ತದೆ. ಹಾಡು ತಿರುಗಿದಾಗ ಎಲ್ಲರೂ ಹಿಂದಕ್ಕೆ ತಿರುಗಿ ಬಂದ ದಾರಿಯಲ್ಲೇ ಕುಣಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವುದು ಕಷ್ಟವಲ್ಲ, ಬಿಚ್ಚುವುದೇ ಕಷ್ಟ.

ಅಡವಯ್ಯನವರು ಕೈಲಾಗದೆ ಆಟ ನಿಲ್ಲಿಸಿದಾಗ ಕಂಬವನ್ನು ಇವರಿಗೆ ಕೊಟ್ಟರು. ಕೊಡುವಾಗ ಒಂದು ಮಾತು ತೆಗೆದುಕೊಂಡರು. "ಜಡೆ ಅಂದ್ರೆ ಹೆಣ್ಮಗಳ ಜಡೆ ಕಣ್ಲಾ. ಹೆಣೆದವ್ರೇ ಕುಣಿದು ಬಿಚ್ಬೇಕು. ಕೈಯಾಗ್ ಬಿಚ್ಬಾರ್ದು, ಇನ್ನೊಬ್ರು ಆ ದಾರ ಹಿಡೀಬಾರ್ದು. ಜಡೆ ಮೈಮ್ಯಾಲಿರೋ ಗಂಟ ಕಂಬ ನೆಲಕ್ ಮಲಗ್ಬಾರ್ದು. ಮಲಗ್ತು ಅಂದ್ರೆ ಅವತ್ಗೆ ನಿನ್ನ ಆಟ ಮುಗೀತು. ಮತ್ತೆ ಅದನ್ನ ಎತ್ಬ್ಯಾಡ, ಕೆರೆಗ್ ಬುಟ್ಬುಡು." ಗಂಗಹನುಮಯ್ಯನವರು ಕಂಬ ಮುಟ್ಟಿ ಹೂಂ ಅಂದು, ಅದನ್ನು ಬಸ್ಸಿನ ಟಾಪ್ ಮೇಲೆ ಕಟ್ಟಿಕೊಂಡು ಊರಿಗೆ ತಂದರು.

ಪುರವರದ ಭಾನುವಾರದ ಕಲಿಕೆಗೆ ನಾನು ಮೊದಲ ಸಲ ಹೋದಾಗ ಆ ಕಂಬ ನೋಡಿ ನಗು ತಡೆಯಲಾಗಲಿಲ್ಲ. ತುದಿಯಲ್ಲಿ ಬಸ್ಸಿನ ಸ್ಟೇರಿಂಗ್! ಹಳೆಯ ಮರದ ಬಳೆ ಒಡೆದುಹೋಗಿದ್ದಕ್ಕೆ ಗುಜರಿಗೆ ಹೋದ ಬಸ್ಸಿನ ಸ್ಟೇರಿಂಗ್ ತಂದು ಕೂರಿಸಿದ್ದರು. ದಾರಗಳನ್ನು ಅದಕ್ಕೇ ಕಟ್ಟಿದ್ದರು.

"ಯಾಕಣ್ಣಯ್ಯ ಇದು?" ಅಂದೆ.

"ಸಂಘ ಓಡ್ಸೋನ್ಗೆ ಸ್ಟೇರಿಂಗ್ ಬ್ಯಾಡ್ವಾ?"

ಸಂಘದ ಹೆಂಗಸರೆಲ್ಲ ಅವರ ಬಸ್ಸಿನ ಪ್ಯಾಸೆಂಜರುಗಳೇ. ಹೂವಿನ ವನಜಾಕ್ಷಿ, ಪೂಜಾರರ ಮನೆ ಸೊಸೆ ಪ್ರಿಯಾಂಕ, ಹೀಗೆ ದಿನಾ ಹತ್ತಿ ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಹಾಕಿಕೊಂಡಿದ್ದರು. ಪಾವಗಡದ ಅಶ್ವಿನಿ ಅನ್ನುವ ಹುಡುಗಿ ಎಲ್ಲರಿಗಿಂತ ಹೊಸಬಳು. ಮಧುಗಿರಿಯಲ್ಲಿ ಹೊಲಿಗೆ ಅಂಗಡಿಯ ಕೆಲಸ. ಮಗಳನ್ನು ಪಾವಗಡದಲ್ಲಿ ಅಮ್ಮನ ಹತ್ತಿರ ಬಿಟ್ಟಿದ್ದಳು. ಶನಿವಾರ ಸಂಜೆ ಮಗುವನ್ನು ನೋಡಲು ಹೋಗಿ, ಭಾನುವಾರ ಮಧ್ಯಾಹ್ನಕ್ಕೆ ಕಲಿಯಲು ಓಡಿ ಬರುತ್ತಿದ್ದಳು.

ನಾನು ಗಂಡನನ್ನು ಕಳೆದುಕೊಂಡವಳು. ಕಂಬದ ಹತ್ತಿರ ಹೋಗುತ್ತಿದ್ದ ಹಾಗೇ ಒಬ್ಬಿಬ್ಬರು ಪಿಸುಗುಟ್ಟಿದರು. ಇದು ಮುತ್ತೈದೆಯರ ಜಡೆ, ಇವಳು ಹೇಗೆ ಹಿಡಿಯುತ್ತಾಳೆ ಅಂತ. ನಾನು ಹಿಂದಕ್ಕೆ ಸರಿದೆ. ಗಂಗಹನುಮಯ್ಯನವರು ಬಾಯಲ್ಲಿದ್ದ ವಿಷಲ್ ತೆಗೆದರು.

"ಯಾರದು ಮಾತಾಡಿದ್ದು? ಕಂಬಕ್ ಗಂಡ ಅವ್ನಾ? ಅದೂ ಮುತ್ತೈದೆ ಆಗ್ಬೇಕಾ?"

"ಅವ್ನೆ ಮಾವಯ್ಯ, ತಲೆ ಮ್ಯಾಲೆ ಕೂತವ್ನಲ್ಲ, ಸ್ಟೇರಿಂಗು!" ಅಂದಳು ವನಜಾಕ್ಷಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಿಸುಗುಟ್ಟಿದವರೂ ನಕ್ಕರು. ಆ ನಗುವಿನ ನಡುವೆಯೇ ನಾನು ಹೋಗಿ ಕಂಬ ಹಿಡಿದುಕೊಂಡೆ. ಅದರ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕಂಬ ಹಿಡಿಯುವವಳಿಗೆ ಕುಣಿತವಿಲ್ಲ, ಹಾಡಿಲ್ಲ. ನೆಟ್ಟಗೆ ನಿಂತು ಮೇಲೆ ನೋಡುತ್ತಿರಬೇಕು. ಕಂಬ ವಾಲಿದರೆ ಒಂದು ಕಡೆಯ ದಾರ ಬಿಗಿದು, ಇನ್ನೊಂದು ಕಡೆಯದು ಸಡಿಲವಾಗಿ ಜಡೆ ಸೊಟ್ಟಗಾಗುತ್ತದೆ. ಯಾರು ತಪ್ಪಿದರೂ ಮೊದಲು ಕಾಣುವುದು ನನಗೇ. ಹಸಿರು ದಾರ ಒಳಗೆ ಹೋಗುವ ಕಡೆ ಹೊರಗೆ ಬಂದರೆ, "ಹಸ್ರು" ಅಂತ ಒಂದೇ ಮಾತು ಹೇಳುತ್ತಿದ್ದೆ. ಗಂಗಹನುಮಯ್ಯನವರು "ಹೋಲ್ಡಾನ್!" ಅಂತ ಕೂಗುತ್ತಿದ್ದರು. ಎಲ್ಲರೂ ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತಿದ್ದರು.

ಅವರು ಕಲಿಸುತ್ತಿದ್ದದ್ದೆಲ್ಲ ಬಸ್ಸಿನ ಭಾಷೆಯಲ್ಲೇ. ಒಳಗೆ ನುಸುಳುವುದಕ್ಕೆ 'ಹತ್ತೋದು' ಅನ್ನುತ್ತಿದ್ದರು, ಹೊರಗೆ ಹಾಯುವುದಕ್ಕೆ 'ಇಳಿಯೋದು'. "ಇಳಿಯೋರ್ಗೆ ಜಾಗ ಬುಡಿ, ಹತ್ತೋರು ಬಗ್ಗಿ! ಪ್ರಿಯಾಂಕಮ್ಮ, ಫುಟ್‌ಬೋರ್ಡ್ ಮ್ಯಾಲೆ ನಿಂತ್ಕೋಬ್ಯಾಡ, ಒಳೀಕ್ ಹೋಗು! ರೈಟ್ ರೈಟ್!" ಬಿಚ್ಚುವ ಹೊತ್ತಿಗೆ ಎರಡು ವಿಷಲ್ ಹೊಡೆದು "ರಿವರ್ಸ್!" ಅನ್ನುತ್ತಿದ್ದರು. ದಿನಾ ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೆ ಇದು ಎಷ್ಟು ಬೇಗ ತಲೆಗೆ ಹತ್ತಿತು ಅಂದರೆ, ಆ ವರ್ಷ ಕಳೆಯುವುದರೊಳಗೆ ನಮ್ಮನ್ನು ಮಧುಗಿರಿಗೆ ಕರೆದರು.

ಮಧುಗಿರಿಯಲ್ಲಿ ಜನಪದ ಕಲೆಯ ಹಬ್ಬ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಎತ್ತರದ ಸ್ಟೇಜು, ಶನಿವಾರದ ಮಧ್ಯಾಹ್ನ. ನಾವೆಲ್ಲ ಹಸಿರು ಸೀರೆ, ಕೆಂಪು ಅಂಚು, ಕಾಲಿಗೆ ಗೆಜ್ಜೆ. ಗಂಗಹನುಮಯ್ಯನವರು ಆ ಹೊತ್ತಿಗೆ ಕೆಲಸದಿಂದ ನಿವೃತ್ತರಾಗಿದ್ದರು, ಆದರೂ ಅವತ್ತು ಖಾಕಿ ಅಂಗಿಯನ್ನೇ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದರು.

ಅಯ್ಯಯ್ಯೋ, ಎಂಥ ಕುಣಿತ ಅವತ್ತಿನದು! ಕೋಲಿನ ಸದ್ದು ಬೆಟ್ಟಕ್ಕೆ ಹೊಡೆದು ತಿರುಗಿ ಬರುತ್ತಿತ್ತು. ಜಡೆ ಒಂದು ಎಳೆ ತಪ್ಪದೆ ನನ್ನ ಕಣ್ಣ ಮುಂದೆ ಇಳಿಯಿತು. ಕೆಂಪು, ಹಳದಿ, ಹಸಿರು, ನೀಲಿ, ಹಾವಿನ ಮೈಯ ಹಾಗೆ. ಕುಣಿಯುವವರ ಹಿಡಿಯಲ್ಲಿ ಮೊಳದಷ್ಟು ದಾರ ಉಳಿದಿತ್ತು. ಗಂಗಹನುಮಯ್ಯನವರು ರಿವರ್ಸ್ ಅನ್ನಲು ವಿಷಲ್ ಬಾಯಿಗಿಟ್ಟಿದ್ದರು, ಅಷ್ಟರಲ್ಲಿ ಮೈಕು ಕಿರುಚಿಕೊಂಡಿತು.

"ಮುಖ್ಯ ಅತಿಥಿಗಳು ಬಂದಿದ್ದಾರೆ! ಕೋಲಾಟದವರು ದಯವಿಟ್ಟು ವೇದಿಕೆ ಬಿಡಬೇಕು! ಕಾರ್ಯಕ್ರಮ ಮುಗಿಯಿತು, ಧನ್ಯವಾದಗಳು!"

ಮೈಕಿನಲ್ಲಿದ್ದವರು ಕಮಿಟಿಯ ಕುಮಾರಸ್ವಾಮಿ. ಒಳ್ಳೆಯ ಮನುಷ್ಯ, ಆದರೆ ಅವತ್ತು ತಲೆ ಕೆಟ್ಟಿತ್ತು. ಅತಿಥಿ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ದರು. ಕುರ್ಚಿ ಹೊರುವವರು, ಹಾರ ಹಿಡಿದವರು ನಮ್ಮ ನಡುವೆಯೇ ನುಗ್ಗಿದರು.

"ಸ್ವಾಮಿ, ಜಡೆ ಬಿಚ್ಬೇಕು, ಸ್ವಲ್ಪ ತಾಳಿ!" ಅಂತ ಗಂಗಹನುಮಯ್ಯನವರು ಕೈ ಅಡ್ಡ ಹಿಡಿದರು.

"ಕೆಳಗ್ ಹೋಗಿ ಕೈಯಲ್ಲಿ ಬಿಚ್ಕೊಳ್ರಿ, ಯಾರು ಬೇಡ ಅಂದ್ರು?"

"ನಿಮ್ ಮಗಳ ಜಡೇನ ಸ್ಟೇಜ್ ಮ್ಯಾಲೆ ಹಿಡಿದು ಎಳೀತೀರಾ?"

ಕುಮಾರಸ್ವಾಮಿ ಮತ್ತೆ ಮೈಕಿನ ಕಡೆ ತಿರುಗಿದರು, ಕುರ್ಚಿಗಳು ನಿಲ್ಲಲಿಲ್ಲ. ನಾವು ಇಳಿಯಲೇಬೇಕಾಯಿತು. ನಾನೂ ಗಂಗಹನುಮಯ್ಯನವರೂ ಕಂಬವನ್ನು ನೆಟ್ಟಗೆ ಎತ್ತಿಕೊಂಡು, ಸುತ್ತಲೂ ಹೆಂಗಸರು ದಾರ ಹಿಡಿದುಕೊಂಡು, ಮೆಟ್ಟಿಲ ಮೇಲೆ ಏಡಿಯ ಹಾಗೆ ಅಡ್ಡಡ್ಡ ಇಳಿದೆವು. ಶಾಮಿಯಾನದ ಹಿಂದೆ ಬಯಲಿತ್ತು. ಕಂಬ ಊರಿದೆ. ಅವರು ವಿಷಲ್ ಹೊಡೆದರು.

"ಎಲ್ರೂ ನಿಮ್ ನಿಮ್ ಜಾಗಕ್ಕೆ! ರಿವರ್ಸ್!"

ಯಾರೂ ಕದಲಲಿಲ್ಲ. ವನಜಾಕ್ಷಿಗೂ ಪ್ರಿಯಾಂಕಳಿಗೂ ನಡುವೆ ಒಂದು ಬಾಯಿ ಬಿಟ್ಟ ಜಾಗ.

"ಅಶ್ವಿನಿ ಎಲ್ಲಿ?"

ನಾನು ಬಗ್ಗಿ ನೋಡಿದೆ. ಅವಳ ಕೆಂಪು ದಾರದ ತುದಿ ಕಂಬದ ಬುಡಕ್ಕೆ ಎರಡು ಗಂಟಿನಲ್ಲಿ ಚೆನ್ನಾಗಿ ಬಿಗಿದಿತ್ತು. ನಾನು ಮೇಲೆ ನೋಡುತ್ತಿದ್ದವಳು, ಆ ಗದ್ದಲದಲ್ಲಿ ಅವಳು ಯಾವಾಗ ಕಟ್ಟಿದಳೋ ಕಾಣಲಿಲ್ಲ. ಶನಿವಾರದ ಪಾವಗಡದ ಬಸ್ಸು ಅವಳಿಗೆ ತಪ್ಪಬಾರದು, ಅಮ್ಮನ ಮನೆಯಲ್ಲಿ ಮಗು ಕಾಯುತ್ತಿರುತ್ತದೆ. ಮುಗಿಯಿತು ಅಂತ ಮೈಕಿನಲ್ಲಿ ಕೂಗಿದ್ದನ್ನು ಕೇಳಿ, ಬಿಚ್ಚುವುದು ನಾಳೆ ಭಾನುವಾರ ಅಂದುಕೊಂಡಿದ್ದಾಳೆ, ಅಲ್ಲಿಯವರೆಗೆ ಕಂಬ ಮಲಗುವ ಹಾಗಿಲ್ಲ ಅನ್ನುವುದು ಆ ಅವಸರದಲ್ಲಿ ಹೊಳೆದಿಲ್ಲ. ತನ್ನ ದಾರವನ್ನು ಬೇರೆ ಯಾರೂ ಮುಟ್ಟಬಾರದಲ್ಲ, ಅದಕ್ಕೇ ಅಷ್ಟು ಭದ್ರವಾಗಿ ಕಟ್ಟಿ ಹೋಗಿದ್ದಾಳೆ! ನಿಯಮ ಗೊತ್ತಿಲ್ಲದವಳಾಗಿದ್ದರೆ ಯಾರ ಕೈಗಾದರೂ ಕೊಟ್ಟು ಹೋಗುತ್ತಿದ್ದಳು.

ಗಂಗಹನುಮಯ್ಯನವರೂ ಬಗ್ಗಿ ಗಂಟು ನೋಡಿದರು, ಮುಟ್ಟಲಿಲ್ಲ. ಕಂಬ ಮಲಗಿದರೆ ಸಂಘವೇ ಮಲಗಿತು. ಅಡವಯ್ಯನವರಿಗೆ ಕೊಟ್ಟ ಮಾತು ಎಲ್ಲರಿಗೂ ಗೊತ್ತಿತ್ತು.

"ಮಾವಯ್ಯ, ಅಡವಯ್ಯನೋರು ನೋಡಕ್ ಬತ್ತಾರಾ? ನಾನೇ ಎರಡ್ ದಾರ ಹಿಡ್ಕೊಂಡ್ ಕುಣಿದ್ಬುಡ್ತೀನಿ," ಅಂದಳು ಪ್ರಿಯಾಂಕ ಮೆಲ್ಲಗೆ.

"ಅವ್ರು ನೋಡಲ್ಲ ಕಣಮ್ಮ. ನಾನ್ ನೋಡ್ತೀನಲ್ಲ." ಅಷ್ಟು ಹೇಳಿ ಅವರು ಖಾಕಿ ಅಂಗಿಯ ತೋಳು ಮಡಚಿದರು. "ನಡೀರಿ ಬಸ್‌ಸ್ಟ್ಯಾಂಡಿಗೆ! ಬಸ್ ಬುಟ್ಟಿರಲ್ಲ. ದಾರ ಬುಡ್ಬ್ಯಾಡಿ, ಕಂಬ ಮಲಗಿಸ್ಬ್ಯಾಡಿ! ಅಕ್ಕಯ್ಯ, ಎತ್ತು!"

ಎತ್ತಿದೆವು ನೋಡಿ! ಮಧುಗಿರಿಯ ಬೀದಿಯಲ್ಲಿ ಹಾಗೆ ಯಾರೂ ಹೋಗಿರಲಿಕ್ಕಿಲ್ಲ. ನಡುವೆ ಸ್ಟೇರಿಂಗ್ ಹೊತ್ತ ಕಂಬ, ಅರ್ಧ ಹೆಂಗಸರು ಮುಂದೆ, ಅರ್ಧ ಹೆಂಗಸರು ಹಿಂದೆ, ಎಲ್ಲರ ಕೈಯಲ್ಲೂ ದಾರ, ಕಾಲಲ್ಲಿ ಗೆಜ್ಜೆ, ಓಟ! ಬ್ಯಾನರು ಅಡ್ಡ ಬಂದರೆ "ಬಗ್ಗಿಸು, ಬಗ್ಗಿಸು, ಸಾಕು!" ಬಗ್ಗಿಸಬಹುದು, ಮಲಗಿಸಬಾರದು. ಕರೆಂಟಿನ ತಂತಿ ಕಂಡರೆ "ಹೋಲ್ಡಾನ್!" ಸ್ಕೂಟರಿನವನೊಬ್ಬ "ಏನಮ್ಮ, ಯಾವ್ ದೇವ್ರು ಇದು?" ಅಂದ. "ಸ್ಟೇರಿಂಗಪ್ಪ! ದಾರಿ ಬುಡು!" ಅಂದಳು ವನಜಾಕ್ಷಿ ಓಡುತ್ತಲೇ.

ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಪಾವಗಡದ ಬಸ್ಸು ಹೋಗಿತ್ತು. ಧೂಳು ಇನ್ನೂ ಕೂತಿರಲಿಲ್ಲ.

ಗಂಗಹನುಮಯ್ಯನವರು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ತೆಗೆದರು. "ಯಾರಲೇ ಅದ್ರಲ್ಲಿ ಕಂಡಕ್ಟ್ರು ಇವತ್ತು?" ಅಂತ ಅಲ್ಲಿದ್ದ ಏಜೆಂಟನ್ನು ಕೇಳಿದರು. ತಿಮ್ಮರಾಜು ಅಂತ ಗೊತ್ತಾಯಿತು. ತಿಮ್ಮರಾಜು ಅಂದರೆ ಇವರ ಕೈ ಕೆಳಗೇ ಕ್ಲೀನರಾಗಿ ಸೇರಿದವನು. ಫೋನಿನ ಸ್ಪೀಕರು ಹಾಕಿದರು, ನಮಗೆಲ್ಲ ಕೇಳಿಸುತ್ತಿತ್ತು.

"ಲೇ ತಿಮ್ಮ, ನಿನ್ ಬಸ್ನಾಗ್ ನನ್ ಹುಡ್ಗಿ ಅವ್ಳೆ, ಅಶ್ವಿನಿ ಅಂತ!"

"ಗಂಗಣ್ಣ, ಬಸ್ ತುಂಬಿ ತುಳುಕ್ತಾ ಐತೆ, ಹೆಂಗ್ ಹುಡುಕ್ಲಿ?"

"ಕಾಲಾಗ್ ಗೆಜ್ಜೆ ಐತೆ ಕಣ್ಲಾ! ಬಸ್ ನಿಲ್ಸಿ ಎಲ್ರಿಗೂ ಕಾಲ್ ಆಡ್ಸಕ್ ಹೇಳು!"

ಫೋನಿನಲ್ಲಿ ವಿಷಲ್ ಕೇಳಿಸಿತು, ಬಸ್ಸು ನಿಂತ ಸದ್ದು, ಜನರ ಗಲಾಟೆ. ಆಮೇಲೆ ಸಣ್ಣಗೆ ಗಲ್ಲು ಗಲ್ಲು. ನಾವೆಲ್ಲ ಹೋ ಅಂತ ಕೂಗಿದೆವು. ಅಶ್ವಿನಿ ಫೋನಿಗೆ ಬಂದಳು. ವಿಷಯ ಕೇಳಿದ್ದೇ ಅಳು, ಅಳುವಿನ ನಡುವೆ ಅವಳ ಮನೆಮಾತು ತೆಲುಗು ನುಗ್ಗಿತು. "ಅಯ್ಯೋ ದೇವುಡಾ! ನಾಳೆ ಬಿಚ್ಚಾದು ಅಂದ್ಕೊಂಡೆ ಮಾವಯ್ಯ! ಏಮಿ ಚೇಸೇದಿ, ಏನ್ ಮಾಡ್ಲಿ ಈಗ?"

"ಅಳಬ್ಯಾಡ. ಮಿಡಿಗೇಶಿಯಾಗ್ ಇಳಿ. ಎದ್ರಿಗ್ ಪಾವಗಡದಿಂದ ಬಸ್ ಬತ್ತಾ ಐತೆ, ತಿಮ್ಮ ಹತ್ತುಸ್ತಾನೆ. ಮಗೂಗ್ ಫೋನ್ ಮಾಡಿ, ಅಮ್ಮ ಬೆಳಿಗ್ಗೆ ಬತ್ತಾಳೆ ಅಂತ ಹೇಳು. ಬೆಳಿಗ್ಗೆ ಮೊದಲ್ನೇ ಬಸ್ಗೆ ನಾನೇ ಹತ್ತಿಸ್ತೀನಿ."

ಮಿಡಿಗೇಶಿಯಿಂದ ಬಸ್ಸು ಬರಬೇಕು. ನಾವು ಬಸ್‌ಸ್ಟ್ಯಾಂಡಿನ ನಡುವೆ ನಿಂತುಕೊಂಡೆವು. ಕೈ ಬಿಡುವ ಹಾಗಿಲ್ಲ, ಕೂರುವ ಹಾಗಿಲ್ಲ. ಜನ ಸುತ್ತ ಕಟ್ಟಿಕೊಂಡರು. ಟೀ ಅಂಗಡಿಯವನು ಲೋಟ ಹಿಡಿದು ಒಬ್ಬೊಬ್ಬರ ಬಾಯಿಗೂ ಟೀ ಕುಡಿಸಿದ. ವನಜಾಕ್ಷಿಯ ಮೂಗು ಕೆರೆಯುತ್ತಿತ್ತು, ಗುರುತಿಲ್ಲದ ಅಜ್ಜಿಯೊಬ್ಬಳು ಬಂದು ಕೆರೆದು ಹೋದಳು. ಪೊಲೀಸಿನವರು ಒಬ್ಬರು ಬಂದು, "ಬಸ್ಸಿಗೆ ಅಡ್ಡ ಆಗ್ತಿದ್ದೀರಿ, ಕಂಬ ಮಲಗಿಸ್ರಿ," ಅಂದರು. ನಾನು ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅಲ್ಲಿದ್ದ ಡ್ರೈವರುಗಳೇ ಮುಂದೆ ಬಂದು, "ನಮ್ಗೇನ್ ಅಡ್ಡ ಇಲ್ಲ ಸ್ವಾಮಿ, ನಾವ್ ಸುತ್ತ ಹಾಕ್ಕೊಂಡ್ ಹೋಯ್ತೀವಿ," ಅಂದರು.

ನನ್ನ ಭುಜ ಉರಿಯುತ್ತಿತ್ತು. ಅಂಗೈ ಜೋಮು ಹಿಡಿದಿತ್ತು.

"ಅಕ್ಕಯ್ಯ, ಕೊಡು ಇಲ್ಲಿ, ನಾನ್ ಹಿಡೀತೀನಿ," ಅಂದರು ಗಂಗಹನುಮಯ್ಯನವರು.

"ಹೆಣೀವಾಗ ಹಿಡಿದವ್ಳು ನಾನು. ಬಿಚ್ಚೋ ಗಂಟ ನಾನೇ," ಅಂದೆ.

ಅವರು ಕಂಬಕ್ಕೆ ಬೆನ್ನು ಕೊಟ್ಟು ಆ ಬದಿಯಲ್ಲಿ ನಿಂತರು.

ಪಾವಗಡದ ಕಡೆಯ ಬಸ್ಸು ಹಾರನ್ ಹೊಡೆಯುತ್ತಾ ಒಳಗೆ ನುಗ್ಗಿತು. ನಿಲ್ಲುವುದಕ್ಕೆ ಮೊದಲೇ ಅಶ್ವಿನಿ ಹಾರಿದಳು. ಗೆಜ್ಜೆ ಗಲಗಲ, ಕಣ್ಣಲ್ಲಿ ನೀರು, ಜಡೆಯೆಲ್ಲ ಕೆದರಿತ್ತು. ಅವಳ ಹಿಂದೆ ಆ ಬಸ್ಸಿನ ಜನವೆಲ್ಲ ಇಳಿದು ಬಂದರು, ಇವಳಿಗಾಗಿ ಏನು ಕಾದಿದೆ ನೋಡೋಣ ಅಂತ. ಅಶ್ವಿನಿ ಬಂದವಳೇ ನೆಲಕ್ಕೆ ಕೂತು ತನ್ನ ಗಂಟು ಬಿಚ್ಚಲು ಹೋದಳು. ಎಳೆದಷ್ಟೂ ಅದು ಬಿಗಿಯಾಯಿತು.

"ಹೋಲ್ಡಾನ್," ಅಂದರು ಗಂಗಹನುಮಯ್ಯನವರು. ಬೈಯುತ್ತಾರೆ ಅಂದುಕೊಂಡೆವು. ಅವರು ಅವಳ ಎದುರು ಕೂತರು. "ಎಂಥ ಗಂಟು ಹಾಕಿದ್ದೀಯಮ್ಮ! ನಮ್ ಬಸ್ ಟಾಪ್ ಮ್ಯಾಲೆ ಲಗೇಜ್ ಕಟ್ಟೋರ್ಗೂ ಬರಲ್ಲ ಇದು. ನಿಧಾನ್ವಾಗ್ ಬಿಚ್ಚು. ಯಾರೂ ಎಲ್ಲೂ ಹೋಗಲ್ಲ."

ಅವಳು ನಕ್ಕಳು, ಗಂಟು ಬಿಚ್ಚಿತು, ದಾರ ಅವಳ ಕೈಗೆ ಬಂತು.

ಎರಡು ವಿಷಲ್. "ರಿವರ್ಸ್!"

ಏನು ಹೇಳಲಿ! ಮೊದಲು ಕೋಲು ಒಂದಕ್ಕೊಂದು ಸರಿಯಾಗಿ ತಾಕಲಿಲ್ಲ, ಕೈಗಳು ಅಷ್ಟು ಮರಗಟ್ಟಿದ್ದವು. ಆಮೇಲೆ ಕುಣಿತ ಹಿಡಿಯಿತು. ಹತ್ತುವವರು ಬಗ್ಗಿದರು, ಇಳಿಯುವವರು ಹಾಯ್ದರು. ನಿಂತಿದ್ದ ಬಸ್ಸುಗಳ ಡ್ರೈವರುಗಳು ಕೋಲಿನ ಪೆಟ್ಟಿಗೆ ಸರಿಯಾಗಿ ಹಾರನ್ ಹೊಡೆದರು, ಕಂಡಕ್ಟರುಗಳು ವಿಷಲ್ ಊದಿದರು. ಮೈದಾನದ ಮೈಕಿನಲ್ಲಿ ಭಾಷಣ ಕೇಳುತ್ತಿತ್ತು, ಆದರೆ ಅಲ್ಲಿಂದ ಜನ ಬೀದಿ ಹಿಡಿದು ನಮ್ಮ ಕಡೆ ಬರುತ್ತಿದ್ದರು. ಕುಮಾರಸ್ವಾಮಿಯವರೂ ಬಂದಿದ್ದರು, ಕೈಯಲ್ಲಿ ಯಾರಿಗೋ ಹಾಕಬೇಕಾಗಿದ್ದ ಹಾರ ಹಾಗೇ ಇತ್ತು.

ನಾನು ಮೇಲೆ ನೋಡುತ್ತಿದ್ದೆ. ಜಡೆ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತಾ ಹೋಯಿತು. ಎದೆಮಟ್ಟ ಬಿಟ್ಟಿತು, ತಲೆಮಟ್ಟ ಬಿಟ್ಟಿತು. ಒಂದು ಕಡೆ ನೀಲಿ ಹಳದಿಯ ಮೇಲೆ ಸಿಕ್ಕಿಬಿದ್ದ ಹಾಗೆ ಕಂಡಿತು. "ನೀಲಿ!" ಅಂದೆ. ಪ್ರಿಯಾಂಕ ಅರ್ಧ ಹೆಜ್ಜೆಯಲ್ಲಿ ತಿರುಗಿ ಒಳಗೆ ನುಸುಳಿದಳು. ಬಿಟ್ಟಿತು! ಕೊನೆಯ ಎಳೆ ಸ್ಟೇರಿಂಗಿನ ಹತ್ತಿರ ಕಳಚಿದಾಗ ಎಲ್ಲ ದಾರಗಳೂ ಒಟ್ಟಿಗೆ ಗಾಳಿಗೆ ಕೊಡೆಯ ಹಾಗೆ ಬಿಚ್ಚಿಕೊಂಡವು. ಗಂಗಹನುಮಯ್ಯನವರು ವಿಷಲ್ ಊದಲು ಹೋದರು, ಊದಲು ಆಗಲಿಲ್ಲ, ಅಳು ಬಂದುಬಿಟ್ಟಿತು. ತಿಮ್ಮರಾಜು ಫೋನ್ ಮಾಡಿ "ಆಯ್ತಾ ಗಂಗಣ್ಣ?" ಅಂತ ಕೇಳಿದ. ಫೋನ್ ತೆಗೆದದ್ದು ವನಜಾಕ್ಷಿ. "ಆಯ್ತು ಕಣಣ್ಣ, ಗಾಡಿ ಸೇರ್ತು!" ಅಂದಳು.

ಆಗ ಅವರು ಕಂಬವನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ಮೆಲ್ಲಗೆ ನೆಲದ ಮೇಲೆ ಮಲಗಿಸಿದರು. ಕುಮಾರಸ್ವಾಮಿಯವರು ಆ ಹಾರವನ್ನು ಯಾರನ್ನೂ ಕೇಳದೆ ಸ್ಟೇರಿಂಗಿಗೆ ಹಾಕಿದರು.

ಅದಾದ ಮೇಲೆ ಸಿರಾಕ್ಕೆ ಹೋದೆವು, ಕೊರಟಗೆರೆಯಲ್ಲಿ ಎರಡು ಸಲ ಕುಣಿದೆವು, ಪಾವಗಡದಲ್ಲಿ ಅಶ್ವಿನಿಯ ಮಗಳು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಎಲ್ಲಿ ಹೋದರೂ ಗಂಗಹನುಮಯ್ಯನವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಮೈಕಿನವರ ಹತ್ತಿರ ಹೋಗಿ, "ಜಡೆ ಬಿಚ್ಚೋ ಗಂಟ ಯಾವ ದೊಡ್ಡೋರು ಬಂದ್ರೂ ಬಾಗ್ಲಾಗೇ ನಿಲ್ಸಿ," ಅನ್ನುವುದು.

ಹೋದ ವರ್ಷ ಅವರಿಗೆ ಎದೆಯ ತೊಂದರೆ ಕಾಣಿಸಿಕೊಂಡಿತು. ಡಾಕ್ಟರು ಓಡಾಡಬಾರದು ಅಂದಿದ್ದರು. ಆದರೂ ಭಾನುವಾರ ಪುರವರಕ್ಕೆ ಬಸ್ಸಿನಲ್ಲಿ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ವಿಷಲ್ ಅಶ್ವಿನಿಯ ಕೈಗೆ ಕೊಟ್ಟಿದ್ದರು. ಅವಳು "ಹೋಲ್ಡಾನ್" ಅನ್ನುವುದನ್ನು ತೆಲುಗಿನವರ ರಾಗದಲ್ಲಿ ಅಂದರೆ ಇವರು ಹೊಟ್ಟೆ ಹಿಡಿದು ನಗುತ್ತಿದ್ದರು. ಡಾಕ್ಟರು ನಗಬಾರದು ಅಂದಿರಲಿಲ್ಲ.

ಒಂದು ಭಾನುವಾರ ಸಂಜೆ ನಾನೇ ಅವರನ್ನು ಕೊರಟಗೆರೆ ಬಸ್ಸಿನವರೆಗೆ ಬಿಟ್ಟೆ. ಆ ವಾರವೇ ಅವರು ತೀರಿಕೊಂಡರು. ಹಾಗಾಗಿ ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅವತ್ತಿನದೇ. ಸೀಟು ಖಾಲಿ ಇದ್ದರೂ ಕೂರಲಿಲ್ಲ, ಹಳೆಯ ಅಭ್ಯಾಸದ ಹಾಗೆ ಬಾಗಿಲಲ್ಲೇ ನಿಂತರು. ಬಸ್ಸು ಕದಲಿತು. ಏನೋ ನೆನಪಾದವರ ಹಾಗೆ ಹೊರಗೆ ಬಾಗಿ, ಮುಖ ಪೂರಾ ನಗು ಮಾಡಿಕೊಂಡು ಕೂಗಿ ಕೇಳಿದರು.

"ಅಕ್ಕಯ್ಯ, ನಿಜ ಹೇಳು, ಅವತ್ತು ಮಧುಗಿರೀಲಿ ಆ ಹುಡ್ಗಿ ಬರ್ದೇ ಇದ್ದಿದ್ರೆ ಎಷ್ಟೊತ್ತು ನಿಂತಿರ್ತಿದ್ದೆ?"